ನಲವತ್ತನೇ ದಿನದ ಗೋಧಿ

ಜೆನೋನ್ ಸತ್ತದ್ದು ತನ್ನದೇ ಕಣಜದಲ್ಲಿ, ತಾನೇ ಬೆಳೆದ ಗೋಧಿಯೊಳಗೆ ಮುಳುಗಿ. ಗೋಧಿಯಲ್ಲಿ ಮನುಷ್ಯ ಮುಳುಗುತ್ತಾನೆಯೇ ಎಂದು ಪಟ್ಟಣದವರು ಕೇಳುತ್ತಾರೆ. ಬ್ರೆಡ್ಡು ಅಂಗಡಿಯಲ್ಲೇ ಹುಟ್ಟುತ್ತದೆ ಎಂದುಕೊಂಡವರಿಗೆ ನಾನು ಏನೆಂದು ಹೇಳಲಿ? ಮುಳುಗುತ್ತಾನೆ. ನೀರಿನಲ್ಲಾದರೆ ಕೈಕಾಲು ಬಡಿಯಬಹುದು, ಗೋಧಿಯಲ್ಲಿ ಅದೂ ಆಗುವುದಿಲ್ಲ.

ಆ ವರ್ಷ ನಮ್ಮ ಸಸ್ಕಾಚೆವಾನ್ ಸೀಮೆಗೆ ಹಿಮ ಬೇಗ ಬಂತು. ಕಟಾವು ಇನ್ನೂ ಅರ್ಧ ಬಾಕಿಯಿತ್ತು, ಎಲ್ಲರೂ ಹಸಿಹಸಿಯಾಗಿಯೇ ಕಣಜ ತುಂಬಿದೆವು. ಹಸಿ ಗೋಧಿ ಒಳಗೇ ಹೆಪ್ಪುಗಟ್ಟುತ್ತದೆ. ಮಾರ್ಚಿನಲ್ಲಿ ರೈಲು ನಿಲ್ದಾಣದ ಗೋದಾಮಿನವರು ತನ್ನಿ ಎಂದಾಗ ಕೆಳಗಿನ ಬಾಯಿ ತೆರೆದು, ಕಾಳು ಎಳೆದು ಲಾರಿಗೆ ತುಂಬುವ ಯಂತ್ರ ಹಾಕಿದರೆ, ನಾಲ್ಕು ಬುಟ್ಟಿಯಷ್ಟು ಸುರಿದು ನಿಂತುಬಿಡುತ್ತದೆ. ಮೇಲೆ ಗಟ್ಟಿ ಪದರ, ಅದರಡಿ ಪೊಳ್ಳು. ಆಗ ಯಂತ್ರ ನಿಲ್ಲಿಸಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಳಗಿಳಿಯಬೇಕು. ಹಾಗೆ ಯಾರು ಇಳಿಯುತ್ತಾರೆ? ಲಾರಿ ಕಾಯುತ್ತಿರುತ್ತದೆ, ಆ ಚಳಿಯಲ್ಲಿ ಯಂತ್ರ ಒಮ್ಮೆ ನಿಂತರೆ ಮತ್ತೆ ಶುರುವಾಗಲು ಹಟ ಮಾಡುತ್ತದೆ. ನನ್ನ ಗಂಡ ಮಿರೋನನೂ ಹಗ್ಗವಿಲ್ಲದೆಯೇ ಇಳಿಯುತ್ತಾನೆ. ನಾನು ಬೈಯುತ್ತೇನೆ, ಅವನು ನಗುತ್ತಾನೆ. ನಮ್ಮ ಪಕ್ಕದ ಹೊಲದ ಜೆನೋನನೂ ಹಾಗೇ, ಯಂತ್ರ ನಡೆಯುತ್ತಿರುವಾಗಲೇ ಇಳಿದು, ಪದರದ ಮೇಲೆ ನಿಂತು ಸಲಾಕೆಯಿಂದ ಕುಟ್ಟಿದ. ಪದರ ಒಡೆಯಿತು.

ಅವನ ಹೆಂಡತಿ ಲೆಸ್ಯಾ ಫೋನ್ ಮಾಡಿದಾಗ ಅವಳ ಮಾತು ಅರ್ಥವಾಗಲಿಲ್ಲ, ಕಿರುಚಾಟ ಅರ್ಥವಾಯಿತು. ಸುತ್ತಲಿನವರೆಲ್ಲ ಗರಗಸ ಹಿಡಿದು ಓಡಿದೆವು. ತಗಡಿನ ಕಣಜವನ್ನು ಒಂದೇ ಕಡೆ ಕೊಯ್ದರೆ ಮಗುಚಿ ಬೀಳುತ್ತದೆ, ಸುತ್ತಲೂ ಕೊಯ್ಯಬೇಕು. ಕೊಯ್ದೆವು. ಹಿಮದ ಮೇಲೆ ಗೋಧಿ ಸುರಿಯಿತು, ಸುರಿಯುತ್ತಲೇ ಇತ್ತು. ಕೊನೆಗೆ ಜೆನೋನ್ ಸಿಕ್ಕಿದ. ನಿಂತುಕೊಂಡೇ ಇದ್ದ, ಒಂದು ಕೈ ಮೇಲಕ್ಕೆ ಚಾಚಿತ್ತು. ಬಾಯಿತುಂಬ ಗೋಧಿ. ಇಷ್ಟು ಹೇಳಿದರೆ ಸಾಕು.

ಮಣ್ಣು ಮಾಡಿದ ಮರುದಿನ ನಾನು ರೊಟ್ಟಿ, ಸೂಪು ತೆಗೆದುಕೊಂಡು ಅವರ ಮನೆಗೆ ಹೋದೆ. ಲೆಸ್ಯಾ ಪಾತ್ರೆಯ ಕಡೆ ನೋಡಲೂ ಇಲ್ಲ.

"ಸ್ಟೆಫಾ ಅಕ್ಕ, ಮಿರೋನ್ ಭಾವಂಗೆ ಹೇಳು. ಆ ರಾಶಿಗೆ ಡೀಸೆಲ್ ಹುಯ್ದು ಬೆಂಕಿ ಇಡ್ಲಿ."

"ಒಂದು ವರ್ಷದ ಬೆಳೆ ಕಣೆ ಅದು."

"ಗೊತ್ತು. ದಿನಾ ಎದ್ದು ಕಿಟಕೀಲಿ ಅದನ್ನ ನೋಡೋಕೆ ನನ್ನಿಂದ ಆಗಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಷ್ಟರಲ್ಲಿ ಜೆನೋನನ ತಾಯಿ, ಪರಸ್ಕಾ ಅಜ್ಜಿ, ಬಾಗಿಲಲ್ಲಿ ಬಂದು ನಿಂತಳು. ಒಂದು ಕೈಯಲ್ಲಿ ಗೋಧಿಯಿಂದ ಹಿಮ ಸೋಸುವ ಜರಡಿ, ಇನ್ನೊಂದರಲ್ಲಿ ಬಕೆಟ್ಟು.

"ಬೆಂಕಿ ತರೋನು ಮೊದ್ಲು ನನಗಿಟ್ಟು ಆಮೇಲೆ ಗೋಧಿಗಿಡ್ಲಿ."

"ಅತ್ತೆ, ಅದು ನಿಮ್ಮ ಮಗನ್ನ ನುಂಗಿದ ಗೋಧಿ!"

"ಗೋಧಿಗೆಲ್ಲಿದೆ ಬಾಯಿ? ನುಂಗೋದು ಮನುಷ್ಯರು." ಅಜ್ಜಿ ಬಕೆಟ್ಟು ಕೆಳಗಿಟ್ಟಳು. "ನಾವು ಬಿಟ್ಟು ಬಂದ ಹಳೇ ದೇಶದಲ್ಲಿ ಸರ್ಕಾರದೋರು ಬಂದು ಮನೆ ಗುಡಿಸಿ ಕಾಳು ಹೊತ್ಕೊಂಡು ಹೋದ್ರು. ಬೆಳೆದೋರು ನಾವೇ, ಉಪವಾಸ ಬಿದ್ದೋರೂ ನಾವೇ. ನನ್ನ ಇಬ್ರು ತಮ್ಮಂದಿರೂ ಹೋದ್ರು. ಚಿಕ್ಕೋನು ಕೊನೇಲಿ ಅಪ್ಪನ ಬೆಲ್ಟು ಬೇಯ್ಸಿಕೊಡು ಅಂತ ಅಳ್ತಿದ್ದ. ನಾನು ಬದುಕಿರೋವರ್ಗೂ ಈ ಮನೇಲಿ ಗೋಧಿ ಸುಡಲ್ಲ."

ತಮ್ಮಂದಿರು ಗೋಧಿಯಿಲ್ಲದೆ ಸತ್ತರು, ಮಗ ಗೋಧಿಯೊಳಗೆ ಸತ್ತ. ಎರಡನ್ನೂ ಒಬ್ಬಳೇ ಹೆಂಗಸಿಗೆ ತೋರಿಸಿದ ದೇವರ ಮೇಲೆ ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ರಾಶಿ ಉಳಿಯಿತು. ಗಂಡಸರು ಟಾರ್ಪಾಲು ಹೊದಿಸಿದರು. ಲೆಸ್ಯಾ ಕಿಟಕಿಗೆ ಕಂಬಳಿ ಕಟ್ಟಿದಳು. ಒಂದೇ ಮನೆಯಲ್ಲಿ ಅತ್ತೆ ಸೊಸೆಗೆ ಮಾತು ನಿಂತಿತು. ಒಬ್ಬಳು ಒಲೆಯ ಹತ್ತಿರ ಬಂದರೆ ಇನ್ನೊಬ್ಬಳು ಹೊರಗೆ ಹೋಗುತ್ತಿದ್ದಳು.

ನಲವತ್ತನೇ ದಿನ ಹತ್ತಿರ ಬಂತು. ಅಂದು ಸತ್ತವನ ಹೆಸರಿನಲ್ಲಿ ಗೋಧಿ ಬೇಯಿಸಿ, ಜೇನು ಬೆರೆಸಿ, ಚರ್ಚಿನಲ್ಲಿ ಪ್ರಾರ್ಥನೆಯಾದ ಮೇಲೆ ಎಲ್ಲರೂ ಒಂದೊಂದು ಚಮಚ ತಿನ್ನಬೇಕು. ಸತ್ತವನು ರೈತನಾದರೆ ಅವನ ಹೊಲದ ಗೋಧಿಯೇ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಆ ರಾಶಿಯ ಒಂದು ಕಾಳು ಚರ್ಚಿಗೆ ಬಂದರೂ ತಾನು ಬರುವುದಿಲ್ಲ ಎಂದಳು ಲೆಸ್ಯಾ. ಪಾದ್ರಿಯನ್ನು ಕೇಳಿದೆ. ಇಬ್ಬರ ದುಃಖವೂ ದೊಡ್ಡದು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಕೊನೆಗೆ ನಾನೇ ಪಟ್ಟಣದಿಂದ ಒಂದು ಚೀಲ ಗೋಧಿ ಕೊಂಡು ತಂದು ಅಜ್ಜಿಯ ಮುಂದಿಟ್ಟೆ. ಅವಳು ಒಂದು ಹಿಡಿ ತೆಗೆದು ಮೂಸಿ ನೋಡಿದಳು.

"ಇದ್ಯಾರ ಹೊಲದ್ದೇ?"

"ಗೊತ್ತಿಲ್ಲ ಅಜ್ಜಿ, ಅಂಗಡೀದು."

"ಯಾವನೋ ಬೆಳೆದದ್ದು ಬೇಯ್ಸಿ ನನ್ನ ಮಗನ್ನ ಕಳಿಸ್ಲಾ? ಅವನೇನು ಬೆಳೀದೆ ಸತ್ತನಾ? ತಗೊಂಡ್ಹೋಗಿ ನಿನ್ನ ಕೋಳಿಗೆ ಹಾಕು."

ಕೋಳಿಗೇ ಹಾಕಿದೆ.

ಬರುವುದಿಲ್ಲ ಎಂದಿದ್ದ ಲೆಸ್ಯಾ ನಲವತ್ತನೇ ದಿನ ಚರ್ಚಿಗೆ ಬಂದಳು, ಹಿಂದಿನ ಬೆಂಚಿನಲ್ಲಿ ಕೂತಳು. ಪ್ರಾರ್ಥನೆ ಮುಗಿದ ಮೇಲೆ ಅಜ್ಜಿ ಆ ರಾಶಿಯ ಗೋಧಿಯನ್ನೇ ಬೇಯಿಸಿ ತಂದ ದೊಡ್ಡ ಬಟ್ಟಲು ಹಿಡಿದು ಒಬ್ಬೊಬ್ಬರಿಗೂ ತಾನೇ ಚಮಚದಲ್ಲಿ ಕೊಡುತ್ತಾ ಬಂದಳು. ನನ್ನ ಸರದಿ ಬಂದಾಗ ನುಂಗಿದೆ, ಆದರೆ ರುಚಿ ನೋಡುವ ಧೈರ್ಯ ನನಗಿರಲಿಲ್ಲ. ಕೊನೆಗೆ ಅಜ್ಜಿ ಸೊಸೆಯ ಮುಂದೆ ನಿಂತಳು. ಲೆಸ್ಯಾ ತುಟಿ ಬಿಗಿಹಿಡಿದಳು. ಅಜ್ಜಿ ಕದಲಲಿಲ್ಲ. ಇಡೀ ಚರ್ಚು ಅವರಿಬ್ಬರನ್ನೇ ನೋಡುತ್ತಿತ್ತು.

"ನಾನು ತಿನ್ನಬಾರ್ದು ಅತ್ತೆ," ಎಂದಳು ಲೆಸ್ಯಾ. "ಅವತ್ತು ಲಾರಿ ಹತ್ರ ನಿಂತಿದ್ದೆ. ಗೋಧಿ ಒಮ್ಮೆಲೇ ಧೋ ಅಂತ ಸುರೀತು. ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಚಪ್ಪಾಳೆ ತಟ್ಟಿ 'ಬಂತು ಜೆನೋನ್, ಬಂತು!' ಅಂತ ಕೂಗ್ದೆ. ಅವನು ಮುಳುಗ್ತಿದ್ದದ್ದು ಆಗ್ಲೇ. ಲಾರಿ ತುಂಬೋವರ್ಗೂ ನಾನು ಯಂತ್ರ ನಿಲ್ಲಿಸ್ಲಿಲ್ಲ."

ಅಜ್ಜಿ ಚಮಚವನ್ನು ಬಟ್ಟಲಿಗೆ ಇಳಿಸಿದಳು.

"ನೀನು ಕೂಗಿದ್ದು ನಂಗೂ ಕೇಳಿಸ್ತು ಕಣೆ," ಎಂದಳು. "ಅಡುಗೆಮನೇಲಿ ಹಿಟ್ಟು ನಾದ್ತಿದ್ದೆ. ಸದ್ಯ, ಹರೀತಲ್ಲ ಅಂತ, ಆ ಹಿಟ್ಟಿನ ಕೈಯಲ್ಲೇ ದೇವರಿಗೆ ಕೈ ಮುಗಿದೆ."

ಲೆಸ್ಯಾ ಅತ್ತೆಯ ಮುಖವನ್ನು ನೋಡಿದಳು. ಆಮೇಲೆ ಬಾಯಿ ತೆರೆದಳು. ಅಜ್ಜಿ ತಿನ್ನಿಸಿದಳು. ಅದೇ ಚಮಚದಲ್ಲಿ ತಾನೂ ಒಂದು ತುತ್ತು ತೆಗೆದುಕೊಂಡಳು. ಅಲ್ಲಿಯವರೆಗೆ ಅವಳೂ ಅದನ್ನು ಬಾಯಿಗೆ ಹಾಕಿರಲಿಲ್ಲ ಎಂದು ನನಗೆ ಆಗಲೇ ಗೊತ್ತಾದದ್ದು. ಇಬ್ಬರೂ ಎದುರುಬದುರು ನಿಂತು ಅಗಿಯುತ್ತಿದ್ದರು.