ಹಗ್ಗದ ತುದಿಯ ವನಜಮ್ಮ

ಚಟ್ಟಕ್ಕೆ ಇನ್ನೊಂದು ಬಿದಿರು ಸೇರಿಸಿ ಬಿಗಿಯುತ್ತಿದ್ದ ಮಂಜಪ್ಪ ಅರ್ಧಕ್ಕೇ ಕೈಬಿಟ್ಟು ಎದ್ದು ನಿಂತ. ಇದು ಆಗುವ ಕೆಲಸವಲ್ಲ ಎಂದ. ಶೆಟ್ಟಿಕೊಪ್ಪದ ಸ್ಮಶಾನಕ್ಕೆ ಪೂರಾ ಏರುದಾರಿ, ಅತ್ತಿಗೆ ವನಜಮ್ಮನ ಮೈಯೋ ಊರಿಗೇ ಗೊತ್ತಿದ್ದದ್ದು. ಪಿಕಪ್ ಗಾಡಿಗೆ ಹೇಳಿದರಾಯಿತು ಎಂದು ಜೇಬಿನಿಂದ ಫೋನ್ ತೆಗೆದ. ಟಯರಿನ ಗಾಳಿ ನೋಡಿಕೊಂಡು ಬರಲು ಹೇಳು ಎಂದು ಯಾರೋ ಸೇರಿಸಿದರು. ಒಂದಿಬ್ಬರು ನಕ್ಕು, ಕೆಮ್ಮಿ ಮರೆಸಿದರು.

ಒಳಗೆ ಅಮ್ಮನ ತಲೆ ಬಾಚುತ್ತಿದ್ದ ಗಾನವಿಗೆ ಅದು ಕೇಳಿಸಿತು. ಅಮ್ಮ ನಿದ್ದೆಯಲ್ಲೇ ಹೋಗಿದ್ದಳು. ಬೆಳಗಿನಿಂದ ಬಂದವರೆಲ್ಲ ಅವಳ ದಪ್ಪದ ಮಾತನ್ನೇ ಆಡಿ, ಅಷ್ಟು ಮೈ ಹೊತ್ತು ಇಷ್ಟು ವರ್ಷ ಬದುಕಿದ್ದೇ ಹೆಚ್ಚು ಎಂದು ಸಮಾಧಾನ ಹೇಳಿದ್ದರು. ಗಾನವಿ ಹಲ್ಲು ಕಚ್ಚಿಕೊಂಡು ಜಡೆ ಹೆಣೆದು ಮುಗಿಸಿದಳು.

*

ಗಂಡ ತೀರಿದ ಮೇಲೆ ವನಜಮ್ಮ ಹೊಲಿಗೆ ಯಂತ್ರದ ಮುಂದೆ ಕೂತೇ ಮಗಳನ್ನು ಸಾಕಿದವಳು. ಹತ್ತು ವರ್ಷದ ಹಿಂದೆ ಕೊಪ್ಪದ ಡಾಕ್ಟರು, ಸಕ್ಕರೆ ಏರಿದೆ, ಹೀಗೇ ಕೂತರೆ ಹೆಚ್ಚು ದಿನವಿಲ್ಲ ಎಂದು ಹೆದರಿಸಿದರು. ಮರುದಿನವೇ ಅವಳು ಹೈಸ್ಕೂಲ್ ಮೈದಾನಕ್ಕೆ ಹೋದಳು. ಅಲ್ಲಿ ಪಿ.ಟಿ. ಟೀಚರ್ ರಶ್ಮಿ ಸಂಜೆ ಹೊತ್ತು ಹೆಂಗಸರಿಗೆ ವ್ಯಾಯಾಮ ಕಲಿಸುತ್ತಿದ್ದಳು. ಮೈಯಲ್ಲಿ ಚೂರೂ ಬೊಜ್ಜಿಲ್ಲದ ಓಟಗಾರ್ತಿ. ವನಜಮ್ಮ ಅರ್ಧ ಸುತ್ತಿಗೇ ಕುಸಿದು ಕೂತಳು. ಬೇಲಿಯಾಚೆ ನಿಂತವರು ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು. ಅವಳು ಮರುದಿನವೂ ಹೋದಳು.

ಒಂದು ಸಂಜೆ ತಮಾಷೆಗೆ ಹಗ್ಗ ಎಳೆದರು. ಒಂದು ಕಡೆ ರಶ್ಮಿ ಮತ್ತಿಬ್ಬರು, ಇನ್ನೊಂದು ಕಡೆ ವನಜಮ್ಮ ಒಬ್ಬಳೇ. ಮೂವರೂ ಹುಲ್ಲಿನ ಮೇಲೆ ಜಾರುತ್ತ ಅವಳ ಕಾಲ ಬುಡಕ್ಕೆ ಬಂದರು.

ರಶ್ಮಿ ಬಿದ್ದಲ್ಲಿಂದಲೇ ಹೇಳಿದಳು, "ಅಕ್ಕಾ, ನೀವು ಓಡದು ಬ್ಯಾಡ. ನಿಲ್ಲದು ಕಲೀರಿ."

ಕಲಿತಳು. ಬೆಳಿಗ್ಗೆ ನಡೆದಳು, ಸಂಜೆ ಹಲಸಿನ ಮರಕ್ಕೆ ಹಗ್ಗ ಕಟ್ಟಿ ಜಗ್ಗಿದಳು. ತೂಕ ಒಂದಿಷ್ಟು ಇಳಿದು ಅಲ್ಲಿಗೇ ನಿಂತಿತು. ಸಕ್ಕರೆ ಮಾತ್ರ ಹದಕ್ಕೆ ಬಂತು, ಮೆಟ್ಟಿಲು ಹತ್ತಿದರೆ ಉಬ್ಬಸವಿಲ್ಲ. ಡಾಕ್ಟರು ರಿಪೋರ್ಟನ್ನೂ ಅವಳನ್ನೂ ಮತ್ತೆ ಮತ್ತೆ ನೋಡಿದರು.

ರಶ್ಮಿ ಆ ಹೆಂಗಸರನ್ನೇ ಸೇರಿಸಿ ಹಗ್ಗಜಗ್ಗಾಟದ ತಂಡ ಕಟ್ಟಿದಳು. ತಂಡಕ್ಕೆ ಜರ್ಸಿ ಹೊಲಿದವಳೂ ವನಜಮ್ಮನೇ. ತನ್ನದನ್ನು ಎರಡು ಜರ್ಸಿ ಸೇರಿಸಿ ಹೊಲಿದುಕೊಂಡಳು. ಕೊಪ್ಪದಲ್ಲಿ ನಡೆದ ಪಂದ್ಯದ ಫೈನಲಿನಲ್ಲಿ ಎದುರಿಗಿದ್ದವರು ಶೃಂಗೇರಿಯ ಹುಡುಗಿಯರು, ಎಲ್ಲರೂ ಜಿಮ್ಮಿನಲ್ಲಿ ಕಡೆದಂಥ ಮೈಯವರು. ಕೊನೆಯ ಎಳೆತಕ್ಕೆ ಶೆಟ್ಟಿಕೊಪ್ಪದವರು ಕೆಸರಿನಲ್ಲಿ ಒಬ್ಬರ ಹಿಂದೊಬ್ಬರು ಜಾರಿ ಮಂಡಿಯೂರಿದರು. ತುದಿಯಲ್ಲಿ ಹಗ್ಗವನ್ನು ಮೈಗೆ ಬಳಸಿಕೊಂಡಿದ್ದ ವನಜಮ್ಮ ಹಿಂದಕ್ಕೆ ವಾಲಿ, ಕಣ್ಣು ಮುಚ್ಚಿ ನಿಂತಳು. ಹಗ್ಗ ಕದಲಲಿಲ್ಲ. ಉಳಿದವರು ಎದ್ದು ಹಿಡಿತ ಸಿಗುವವರೆಗೂ ಕದಲಲಿಲ್ಲ. ಆಮೇಲೆ ಅವಳು ಒಂದು ಹೆಜ್ಜೆ ಹಿಂದಿಟ್ಟಳು. ಇನ್ನೊಂದು.

ಗುಂಪಿನಲ್ಲಿ ಯಾರೋ, ಆ ಡ್ರಮ್ಮು ಯಾರದು ಮಾರಾಯ ಎಂದು ಕೇಳಿದರು.

"ನಮ್ಮಮ್ಮ," ಎಂದಿದ್ದಳು ಗಾನವಿ, ನಾಲ್ಕು ಜನಕ್ಕೆ ಕೇಳುವ ಹಾಗೆ.

*

ತಂಡದವರು ಸ್ಕೂಟರುಗಳಲ್ಲಿ ಬಂದಿಳಿದರು. ಎಲ್ಲರ ಮೈಮೇಲೂ ಜರ್ಸಿಯಿತ್ತು. ರಶ್ಮಿ ಯಾರನ್ನೂ ಕೇಳದೆ ಕೂತು, ಮಂಜಪ್ಪ ಬಿಟ್ಟಿದ್ದ ಗಂಟನ್ನು ಕಾಲು ಕೊಟ್ಟು ಬಿಗಿದಳು. ಗಾಡಿ ಬೇಡ, ನಾವಿದ್ದೇವೆ ಎಂದಳು.

ಮಂಜಪ್ಪ ಫೋನ್ ಕೆಳಗಿಳಿಸಿದ. "ಹೆಂಗಸರು ಹೆಗಲು ಕೊಡದು ನಮ್ಮಲ್ಲಿ ಇಲ್ಲ ಮಾರಾಯ್ತಿ. ಅದೂ ಇಷ್ಟು ಭಾರ..."

ಗಾನವಿ ಹೊಸ್ತಿಲು ದಾಟಿ ಬಂದಳು. "ಆ ಭಾರ ನಂಬ್ಕೊಂಡೇ ಇವರು ಗೆದ್ದಿದ್ದು ಚಿಕ್ಕಪ್ಪ. ನೀವು ಬೆಂಕಿ ಹಿಡಿದು ಮುಂದೆ ನಡೀರಿ."

ಅವನು ಅವಳ ಮುಖ ನೋಡಿದ. ಬಗ್ಗಿ ಬೆಂಕಿಯ ಮಡಕೆ ಎತ್ತಿಕೊಂಡ.

ಮುಂದಿನ ಬಿದಿರಿಗೆ ಗಾನವಿ ಹೆಗಲು ಕೊಟ್ಟಳು, ಪಕ್ಕದಲ್ಲಿ ರಶ್ಮಿ, ಹಿಂದೆ ತಂಡದ ಉಳಿದವರು. ರಶ್ಮಿ ಸಣ್ಣ ದನಿಯಲ್ಲಿ ಒಂದು, ಎರಡು, ಮೂರು ಎಂದಳು. ಚಟ್ಟ ಒಮ್ಮೆಗೇ ಮೇಲೆದ್ದಿತು. ಭುಜ ಬದಲಿಸಲೆಂದು ಜೊತೆಗೆ ಬಂದ ಗಂಡಸರನ್ನು ಯಾರೂ ಕರೆಯಲಿಲ್ಲ. ಏರಿನ ನಡುವೆ ಕಡ್ಡಿ ಮೈಯ ಮಂಜಪ್ಪನಿಗೇ ಉಸಿರು ಸಿಕ್ಕಿಹಾಕಿಕೊಂಡು, ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮೇಲಿನ ತಿರುವಿನಲ್ಲಿ ಕೊಪ್ಪದ ಬಸ್ಸು ಬಂತು. ಡ್ರೈವರ್ ಹಾರ್ನಿಗೆ ಚಾಚಿದ ಕೈ ಹಿಂದೆಗೆದು ಇಂಜಿನ್ ಆರಿಸಿದ. ಕಿಟಕಿಗಳಲ್ಲಿ ಮುಖಗಳು ತುಂಬಿಕೊಂಡವು. ಆಮೇಲೆ ಒಬ್ಬೊಬ್ಬರಾಗಿ, ಬಸ್ಸಿನೊಳಗಿದ್ದವರೆಲ್ಲ ಸೀಟು ಬಿಟ್ಟು ಎದ್ದು ನಿಂತರು.