ಕೊಕ್ಕರೆಗಳ ಸ್ನಾನ

ಭಾವ ಆ ಮಾತು ಆಡಿದಾಗ ಅವಳು ಅವನ ಬೆನ್ನ ಹಿಂದೆಯೇ ಪೆಟ್ಟಿಗೆಯ ಮುಚ್ಚಳ ಹಿಡಿದು ನಿಂತಿದ್ದಳು.

ಅದು ಆಟಿಕೆ ಅಂಗಡಿಯ ಮಹಡಿ. ಉದ್ದನೆಯ ಮೇಜುಗಳ ಮೇಲೆ ಥರ್ಮೋಕೋಲಿನ ಗುಡ್ಡ, ರಟ್ಟಿನ ಪಾಳುಮನೆ, ಹಸಿರು ಬಟ್ಟೆಯ ಬಯಲು. ಹೆಬ್ಬೆರಳೆತ್ತರದ ಪ್ಲಾಸ್ಟಿಕ್ ಸೈನಿಕರನ್ನು ಅಲ್ಲಿ ಸಾಲಾಗಿ ನಿಲ್ಲಿಸಿ, ಟೇಪು ಹಿಡಿದು ಅಳೆದು ಒಂದೊಂದನ್ನೇ ಮುಂದೆ ಸರಿಸಿ, ದಾಳ ಉರುಳಿಸಿ, ಮೀಸೆ ಬಂದ ಗಂಡಸರು ಭಾನುವಾರವಿಡೀ ಯುದ್ಧ ಮಾಡುತ್ತಿದ್ದರು. ದಾಳ ಕೈಕೊಟ್ಟರೆ ಊಟ ಬಿಟ್ಟು ಕೂರುವವರೂ ಇದ್ದರು. ಸೈನಿಕರು ಅಂಗಡಿಯಲ್ಲಿ ತುಂಡುತುಂಡಾಗಿ ಸಿಗುತ್ತಿದ್ದರು. ಕತ್ತರಿಸಿ, ಕೆರೆದು, ಅಂಟಿಸಿ, ಬಣ್ಣ ಹಚ್ಚುವ ಕೆಲಸ ಆಡುವವರದ್ದೇ. ಮೆಟ್ಟಿಲ ಮೇಲುಗಡೆ ಅಂಗಡಿ ಯಜಮಾನರು ದಪ್ಪಕ್ಷರದಲ್ಲಿ ಬರೆದು ಹಾಕಿದ್ದರು: ಬಣ್ಣವಿಲ್ಲದ ಸೈನಿಕ ಮೇಜು ಹತ್ತುವಂತಿಲ್ಲ.

ಆ ದಿನ ಭಾವನ ಕೊಕ್ಕರೆ ಸೇನೆ ಮೊದಲ ಸಲ ಮೇಜು ಹತ್ತಿತು. ಕೊಕ್ಕರೆ ತಲೆಯ ಈಟಿಗಾರರು, ನಡುವೆ ಆಮೆಯೇರಿ ಕುಳಿತ ಸೇನಾಪತಿ. ಪಕ್ಕದ ಮೇಜುಗಳ ಆಟ ನಿಂತುಹೋಯಿತು. ಯಜಮಾನರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ, ಮೊಣಕಾಲೂರಿ ನೋಡಿದರು. ಒಂದೊಂದು ಗರಿಯೂ ಬೂದಿಯಿಂದ ನೀಲಿಗೆ ಹೊರಳಿತ್ತು. ಒಂದೊಂದು ಕೊಕ್ಕರೆಗೂ ಬೇರೆ ಬೇರೆ ನೋಟವಿತ್ತು.

"ಯಾರ್ರೀ ಬಣ್ಣ ಹಚ್ಚಿದ್ದು?"

"ಇನ್ಯಾರು ಸಾರ್, ನಾನೇ," ಅಂದ ಭಾವ. "ಇವಕ್ಕೆ ಕಣ್ಣು ಬರೆದು ಬರೆದು ನನ್ನ ಕಣ್ಣು ಹೋಯ್ತು."

"ಮತ್ತೆ ಈ ಹುಡುಗಿ?"

"ನಮ್ಮ ನಾದಿನಿ. ಬ್ರಷ್ ತೊಳೆದು ಕೊಡ್ತಾಳೆ. ಓದು ತಲೆಗೆ ಹತ್ತಲಿಲ್ಲ, ಪಾಪ. ಇದನ್ನಾದ್ರೂ ನೋಡಲಿ ಅಂತ ಕರ್ಕೊಂಡು ಬರ್ತೀನಿ."

ಎದುರು ಮೇಜಿನಲ್ಲಿದ್ದ ನಿವೃತ್ತ ಬಸ್ ಡ್ರೈವರ್ ಹೊಟ್ಟೆ ಕುಲುಕಿಸಿ ನಕ್ಕ. "ಬ್ರಷ್ ತೊಳೆಯೋಕೂ ಆಳಾ! ನಮ್ಮನೇಲಿ ನನ್ನ ತಟ್ಟೆ ನಾನೇ ತೊಳ್ಕೋಬೇಕು ಕಣಪ್ಪಾ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಹತ್ತು ಜನ ನಕ್ಕಾಗ ತುಟಿ ತಾನಾಗಿಯೇ ಅರಳುತ್ತದಲ್ಲ, ಹಾಗೆ. ಆಮೇಲೆ ಅವಳ ಎದೆಯಲ್ಲಿ ಮುಳ್ಳಾಗಿ ಉಳಿದದ್ದು ಭಾವನ ಮಾತಿಗಿಂತ ಹೆಚ್ಚಾಗಿ ತನ್ನದೇ ಆ ನಗು.

ಆ ಸೇನೆಯ ಒಂದು ಕೂದಲೆಳೆಯಷ್ಟು ಬಣ್ಣವನ್ನೂ ಭಾವ ಹಚ್ಚಿರಲಿಲ್ಲ. ಅವಳು ಹಗಲು ದರ್ಜಿಯ ಅಂಗಡಿಯಲ್ಲಿ ಗುಂಡಿ ಹಾಕುತ್ತಿದ್ದಳು, ಅಂಚು ಹೊಲಿಯುತ್ತಿದ್ದಳು. ಸಂಜೆ ಬಂದು ಅಕ್ಕನ ಮನೆಯ ಕಿಟಕಿಯ ಪಕ್ಕ ಕೂತರೆ ಬೆಳಕು ಇರುವ ತನಕ ಕೊಕ್ಕರೆಗಳ ಕೆಲಸ. ಎರಕದಲ್ಲಿ ಉಳಿದ ಅಚ್ಚಿನ ಗೆರೆಯನ್ನು ಚಾಕುವಿನ ತುದಿಯಿಂದ ಕೆರೆಯುವುದು, ಕಾಲಿಗೆ ಮೈ, ಮೈಗೆ ರೆಕ್ಕೆ ಅಂಟಿಸುವುದು, ಮೊದಲ ಕೋಟು ಹೊಡೆದು ಒಣಗಿಸುವುದು. ಕಾಲ ಕೆಳಗಿನ ಮಣ್ಣಿಗೆ ಅಕ್ಕ ಸೋಸಿ ಬಿಟ್ಟ ಚಹಾಪುಡಿಯನ್ನೇ ಒಣಗಿಸಿ ಅಂಟಿಸಿದ್ದಳು. ಕಣ್ಣು ಬರೆಯುವಾಗ ಮಾತ್ರ ಉಸಿರು ಬಿಗಿಹಿಡಿಯಬೇಕು. ಉಸಿರು ತಪ್ಪಿದರೆ ಕೊಕ್ಕರೆಗೆ ಮೆಳ್ಳೆಗಣ್ಣು.

ಸುಮ್ಮನೆ ಮಾಡಿದ ಕೆಲಸವೂ ಅಲ್ಲ ಅದು. ಯಜಮಾನರು ಮಹಡಿಯಲ್ಲಿ ಬಣ್ಣ ಹಚ್ಚುವ ತರಗತಿ ಶುರುಮಾಡಲಿದ್ದರು, ಕಲಿಸುವವರನ್ನು ಹುಡುಕುತ್ತಿದ್ದರು. "ನೀನು ನನ್ನ ಸೇನೆಗೆ ಬಣ್ಣ ಹಚ್ಚು, ನಾನು ಅವರಿಗೆ ತೋರಿಸಿ ನಿನ್ನ ವಿಷಯ ಹೇಳ್ತೀನಿ," ಎಂದು ಭಾವನೇ ಹೇಳಿದ್ದ. ಗುಂಡಿ ಹಾಕುವ ಸ್ಟೂಲಿನಿಂದ ಎದ್ದು ಆ ಮಹಡಿಯ ಮೇಜಿಗೆ ಹೋಗಿ ಕೂರುವುದನ್ನು ಅವಳು ಎಷ್ಟು ಸಲ ಕನಸು ಕಂಡಿದ್ದಳೋ. ಬೇರೆ ಯಾವುದನ್ನೂ ಅವಳು ಅಷ್ಟು ಬಯಸಿದವಳಲ್ಲ.

ಆ ದಿನ ಮೆಟ್ಟಿಲಿಳಿಯುವ ಮೊದಲೇ ಯಜಮಾನರು ಭಾವನ ಭುಜ ತಟ್ಟಿ, "ಬರೋ ಭಾನುವಾರ ಪಂದ್ಯ ಇದೆಯಲ್ಲ, ಅವತ್ತೇ ಎಲ್ಲರ ಮುಂದೆ ಹೇಳಿಬಿಡ್ತೀನಿ. ತರಗತಿ ನಿಮ್ಮದು," ಎಂದಿದ್ದರು.

ದಾರಿಯಲ್ಲಿ ಭಾವ ಸಿಳ್ಳೆ ಹಾಕುತ್ತಾ ನಡೆದ. ಅವನು ಪೀಠೋಪಕರಣಗಳ ಅಂಗಡಿಯಲ್ಲಿ ಸೋಫಾ ಮಾರುವವನು. ಕೂತು ನೋಡಲು ಬಂದವರೂ ಕೊಂಡುಕೊಂಡೇ ಏಳಬೇಕು, ಅಂಥ ನಾಲಿಗೆ.

"ಮುಖ ಯಾಕೆ ಗಂಟು ಹಾಕ್ಕೊಂಡಿದ್ದೀಯ, ಗುಮ್ಮಿ?" ಎಂದ. ಗುಮ್ಮನಗುಸುಕಿ ಎಂಬುದನ್ನು ಅವನು ಮೊಟಕು ಮಾಡಿ ಗುಮ್ಮಿ ಮಾಡಿದ್ದ. "ನೀನೇ ಯೋಚ್ನೆ ಮಾಡು. ಎದುರಿಗೆ ಇಪ್ಪತ್ತು ಜನ ಕೂತರೆ ನಿನ್ನ ಬಾಯಿಂದ ಒಂದು ಅಕ್ಷರ ಹೊರಡತ್ತಾ? ತರಗತಿಗೆ ಬೇಕಾದ್ದನ್ನೆಲ್ಲ ಮನೇಲಿ ನೀನು ತಯಾರು ಮಾಡು. ಅಲ್ಲಿ ನಾನು ಮಾತಾಡ್ತೀನಿ. ಕೈ ನಿಂದು, ಬಾಯಿ ನಂದು."

ಅವಳು ಏನೂ ಹೇಳಲಿಲ್ಲ. ಭಾವ ಅದನ್ನು ಒಪ್ಪಿಗೆ ಎಂದುಕೊಂಡ. ಮಾತಾಡುವವರಿಗೆ ಇರುವ ರೋಗವೇ ಅದು. ಎದುರಿನವರು ಸುಮ್ಮನಿದ್ದರೆ ತಮ್ಮ ಮಾತಿಗೆ ತಲೆಯಾಡಿಸಿದರು ಎಂದೇ ಅವರಿಗೆ ಕಾಣುತ್ತದೆ.

ಮನೆಗೆ ಬಂದು ಪೆಟ್ಟಿಗೆ ತೆರೆದರೆ ಈಟಿಗಳು ಮುರಿದಿದ್ದವು, ಎರಡು ಕೊಕ್ಕಿನ ಬಣ್ಣ ಎದ್ದಿತ್ತು. ಭಾವ ಕೊಕ್ಕರೆಗಳನ್ನು ಈಟಿ ಹಿಡಿದು ಎಳೆದಾಡುತ್ತಿದ್ದ, ಚಮಚ ಎತ್ತಿದ ಹಾಗೆ. "ಶನಿವಾರ ಸಂಜೆಯೊಳಗೆ ಸರಿಮಾಡಿಡು," ಎಂದು ಪೆಟ್ಟಿಗೆಯನ್ನು ಅವಳ ಮಡಿಲಿಗೆ ತಳ್ಳಿದ.

ಅವಳು ಮೊದಲು ಈಟಿಗಳನ್ನು ಸರಿಮಾಡಿದಳು. ಪ್ಲಾಸ್ಟಿಕ್ ಅಂಟು ಎರಡು ತುಂಡನ್ನು ಕರಗಿಸಿ ಒಂದೇ ಮಾಡುತ್ತದೆ. ಆಮೇಲೆ ಅದನ್ನು ಏನೂ ಬಿಡಿಸಲಾರದು. ಬಣ್ಣ ಹಾಗಲ್ಲ, ಮೇಲೆ ಕೂತಿರುತ್ತದೆ ಅಷ್ಟೆ. ಕಲಿಯುವ ದಿನಗಳಲ್ಲಿ ಒಂದು ಕೊಕ್ಕರೆಗೆ ಅವಳು ಗಂಜಿಯಂತೆ ಬಣ್ಣ ಬಳಿದು ಕೆಡಿಸಿದ್ದಳು. ಆಗ ಡ್ರೈವರ್ ಯಾರಿಗೋ ಹೇಳುತ್ತಿದ್ದುದನ್ನು ಕೇಳಿಸಿಕೊಂಡು, ನೆಲ ಒರೆಸುವ ದ್ರಾವಣದಲ್ಲಿ ಅದನ್ನು ನೆನೆಹಾಕಿ ಉಜ್ಜಿದ್ದಳು. ಬಣ್ಣವೆಲ್ಲ ಸಿಪ್ಪೆಯಂತೆ ಬಿಟ್ಟು, ಕೊಕ್ಕರೆ ಅಂಗಡಿಯಿಂದ ಆಗಷ್ಟೇ ಬಂದ ಹಾಗೆ ಬೂದಿ ಪ್ಲಾಸ್ಟಿಕ್ಕಾಗಿತ್ತು.

ಅದು ನೆನಪಾದದ್ದೇ ತಡ, ಅವಳ ಹೊಟ್ಟೆಯ ಉರಿ ತಣ್ಣಗಾಯಿತು. ಆರಲಿಲ್ಲ, ತಣ್ಣಗಾಗಿ ಗಟ್ಟಿಯಾಯಿತು.

ಶುಕ್ರವಾರ ಭಾವ ಕೆಲಸಕ್ಕೆ ಹೋದ ಮೇಲೆ, ಹಳೆಯ ಬಕೆಟ್ಟಿಗೆ ಬಾಟಲಿಯಿಡೀ ದ್ರಾವಣ ಸುರಿದು, ಸೇನೆಯನ್ನು ಒಂದೊಂದಾಗಿ ಇಳಿಬಿಟ್ಟಳು. ಈಟಿಗಾರರು ತಲೆಕೆಳಗಾಗಿ ಮುಳುಗಿದರು. ಆಮೆಯೇರಿದ ಸೇನಾಪತಿಯನ್ನು ಮಾತ್ರ ಕಿಟಕಿಯ ಮೇಲಿಟ್ಟಳು. ಅವನು ಆಮೇಲೆ.

ಶನಿವಾರ ಅವಳು ದರ್ಜಿ ಅಂಗಡಿಗೆ ಹೋಗಲಿಲ್ಲ. ಮಧ್ಯಾಹ್ನ ಅಕ್ಕ ಮೂಗು ಮುಚ್ಚಿಕೊಂಡು ಬಚ್ಚಲಿನ ಬಾಗಿಲಿಗೆ ಬಂದಳು.

"ಏನೇ ಇದು? ಮನೆಯೆಲ್ಲ ಆಸ್ಪತ್ರೆ ವಾಸ್ನೆ. ಎಲ್ಲಾ ಬಿಟ್ಟು ನೆಲ ಒರೆಸೋ ಹುಚ್ಚು ಯಾಕೆ…"

ಮಾತು ಅಲ್ಲಿಗೇ ನಿಂತಿತು. ತಂಗಿ ಬಚ್ಚಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಎಡಗಡೆ ಬಕೆಟ್ಟು. ಬಲಗಡೆ ಹಳೇ ಟವೆಲ್ಲಿನ ಮೇಲೆ ಮೈಬಣ್ಣ ಕಳೆದುಕೊಂಡ ಕೊಕ್ಕರೆಗಳು. ಮೋರಿಗೆ ನೀಲಿ ನೀರು ಹರಿಯುತ್ತಿತ್ತು.

"ಅಯ್ಯೋ ನಿನ್ನ! ಇದು ಅವರ…"

"ಪ್ಲಾಸ್ಟಿಕ್ ಭಾವಂದು," ಅಂದಳು ಅವಳು, ಉಜ್ಜುವುದನ್ನು ನಿಲ್ಲಿಸದೆ. "ಅದಕ್ಕೆ ಏನೂ ಆಗಿಲ್ಲ. ಈಟಿ ಕೂಡ ಅಂಟಿಸಿದ್ದೀನಿ. ಬಣ್ಣ ನಂದು."

ಹೋದ ಭಾನುವಾರ ಮಹಡಿಯಲ್ಲಿ ಭಾವ ಏನು ಹೇಳಿದನೆಂದು ಆಗ ಹೇಳಿದಳು. ಬ್ರಷ್ ತೊಳೆಯುವವಳು ಎಂಬ ಮಾತು, ತರಗತಿಯ ಮಾತು, ಎಲ್ಲ. ಅಕ್ಕ ಬಾಗಿಲಿಗೆ ಒರಗಿ ಕೇಳಿದಳು.

"ಹಾಗಾದ್ರೆ ನಿನ್ನ ತರಗತಿ? ನೀನು ಹೀಗೆ ಮಾಡಿದ್ದು ಗೊತ್ತಾದ್ರೆ ಆ ಯಜಮಾನ ನಿನ್ನ ಮೆಟ್ಟಿಲು ಹತ್ತಿಸ್ತಾನಾ?"

"ಹೋಗ್ಲಿ ಬಿಡು. ಭಾವಂಗೂ ಸಿಗಬಾರದು."

"ನಾವಿರೋದು ಅವರ ಮನೇಲಿ ಕಣೇ."

"ನೀನಿರೋದು ನಿನ್ನ ಮನೇಲಿ. ನಾನು ಬೇಕಾದ್ರೆ ದರ್ಜಿ ಅಂಗಡೀಲೇ ಚಾಪೆ ಹಾಸ್ಕೋತೀನಿ."

ಬಂಧುಗಳು ಬಂದಾಗಲೆಲ್ಲ ಮನೆಯ ಪರದೆಗಳನ್ನು ತೋರಿಸಿ, "ಬಣ್ಣ ನಾನೇ ಆರಿಸಿದ್ದು," ಎನ್ನುತ್ತಿದ್ದ ಗಂಡ ಅಕ್ಕನಿಗೆ ನೆನಪಾದನೋ ಏನೋ. ಪರದೆ ಆರಿಸಿದವಳೂ ಹೊಲಿದವಳೂ ಅವಳೇ. ಬಗ್ಗಿ ತಂಗಿಯ ಕೈಯಲ್ಲಿದ್ದ ಬ್ರಷ್ಷನ್ನು ಕಸಿದು ನೋಡಿದಳು. ಎಳೆಗಳೆಲ್ಲ ಸವೆದು ಚಪ್ಪಟೆಯಾಗಿದ್ದವು.

"ಇದರಲ್ಲಿ ಉಜ್ಜಿದ್ರೆ ನಾಳೆ ಸಂಜೆಯಾದ್ರೂ ಮುಗಿಯಲ್ಲ," ಎಂದು ಕನ್ನಡಿಯ ಹತ್ತಿರದ ಲೋಟದಿಂದ ಇನ್ನೊಂದು ಹಲ್ಲುಜ್ಜುವ ಬ್ರಷ್ ತೆಗೆದು ಚಾಚಿದಳು. "ತಗೋ."

"ಇದು ಭಾವಂದು."

"ನಂಗೆ ಗೊತ್ತಿಲ್ವಾ? ಹೊಸದು. ಇನ್ನೂ ಬಾಯಿಗೇ ಹೋಗಿಲ್ಲ, ಚೆನ್ನಾಗಿ ಉಜ್ಜತ್ತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಬಚ್ಚಲಿನ ಗೋಡೆ ಬಿರಿಯುವಂತೆ ನಗಬೇಕಾಗುತ್ತಿತ್ತು.

ಕೊನೆಗೆ ಉಳಿದದ್ದು ಸೇನಾಪತಿ. ಆಮೆಯ ಚಿಪ್ಪಿನ ಒಂದೊಂದು ಬಿಲ್ಲೆಗೂ ಅವಳು ಒಂದೊಂದು ಬಣ್ಣ ಕೊಟ್ಟಿದ್ದಳು: ಹಸಿ ಎಲೆ, ಒಣ ಎಲೆ, ತುಕ್ಕು, ಕೆಸರು. ಬೇಸಿಗೆಯ ಸಂಜೆಗಳೆಲ್ಲ ಆ ಚಿಪ್ಪಿಗೇ ಹೋಗಿದ್ದವು. ಅವಳ ಕೈಯಿಂದ ಅಷ್ಟು ಚೆಂದದ್ದು ಇನ್ನೊಂದು ಆಗಿರಲಿಲ್ಲ, ಮುಂದೆ ಆಗುತ್ತದೆಂಬ ನಂಬಿಕೆಯೂ ಇರಲಿಲ್ಲ. ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಇದೊಂದನ್ನು ಬಚ್ಚಿಟ್ಟರೆ? ಬಚ್ಚಿಟ್ಟರೆ ಇದು ಭಾವನ ಆಮೆ, ಅವಳು ಕಳ್ಳಿ. ಹಾಗೇ ಬಿಟ್ಟರೆ ನಾಳೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಇದರ ಮುಂದೆ ಭಾವನ ಹೆಸರು.

ಬಕೆಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದಳು. ಅತ್ತಳು ಕೂಡ. ಆದರೆ ಸಂಜೆ ತೆಗೆದು ಉಜ್ಜುವಾಗ ಕೈ ಸಡಿಲಾಗಲಿಲ್ಲ.

ಭಾನುವಾರ ಮಹಡಿ ತುಂಬಿತ್ತು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮನೆಯಲ್ಲಿ ತೆರೆದೂ ನೋಡದ ಪೆಟ್ಟಿಗೆಯನ್ನು ನಡುಮೇಜಿನ ಮೇಲಿಟ್ಟು, ಸೋಫಾದ ಹೊದಿಕೆ ಸರಿಸುವ ಗತ್ತಿನಲ್ಲಿ ಮುಚ್ಚಳ ತೆಗೆದ.

ಒಳಗೆ ಸಾಲುಸಾಲಾಗಿ ಬೂದಿ ಬಣ್ಣದ ಕೊಕ್ಕರೆಗಳು ಮಲಗಿದ್ದವು. ಈಟಿಗಳೆಲ್ಲ ನೆಟ್ಟಗಿದ್ದವು.

"ಏನಪ್ಪಾ," ಅಂದ ಡ್ರೈವರ್, "ನಿನ್ನ ಕೊಕ್ಕರೆಗಳು ಪಂದ್ಯಕ್ಕೆ ಮುಂಚೆ ಸ್ನಾನ ಮಾಡ್ಕೊಂಡು ಬಂದಿವೆ?"

ಭಾವ ಗಕ್ಕನೆ ತಿರುಗಿ ಬೆರಳು ತೋರಿಸಿದ. "ಇವಳು! ಇವಳೇ ಮಾಡಿದ್ದು! ನೋಡಿ ಸಾರ್, ನನ್ನ ಒಂದು ವರ್ಷದ ಕೆಲಸ! ಹೊಟ್ಟೆಕಿಚ್ಚಿನ ಮುಂಡೇದು!"

ಎಲ್ಲರೂ ಅವಳತ್ತ ನೋಡಿದರು.

"ಹೌದೇನಮ್ಮಾ?" ಎಂದರು ಯಜಮಾನರು.

"ಹೌದು ಸಾರ್."

"ಯಾಕೆ?"

ಅವಳ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಭಾವ ಎಣಿಸಿದ್ದೂ ಅದನ್ನೇ. ಯಜಮಾನರು ನಿಟ್ಟುಸಿರಿಟ್ಟು ಅವನ ಕಡೆ ತಿರುಗಿದರು. ಒಳ್ಳೆಯ ಮನಸ್ಸಿನ ಮನುಷ್ಯ.

"ಆದದ್ದಾಯ್ತು. ಬೇಜಾರು ಮಾಡ್ಕೋಬೇಡಿ. ಪಂದ್ಯ ಇನ್ನೊಂದು ದಿನ ಆಡಿ. ಇಷ್ಟು ಜನ ನಿಮ್ಮ ಕೈಚಳಕ ನೋಡೋಕೆ ಅಂತ್ಲೇ ಬಂದಿದ್ದಾರೆ. ಒಂದು ಕೊಕ್ಕರೆಗೆ ಕಣ್ಣು ಬರೆದು ತೋರಿಸಿಬಿಡಿ, ಸಾಕು. ತರಗತಿ ಅಲ್ಲಿಂದಲೇ ಶುರು ಅಂದ್ಕೊಳ್ಳೋಣ."

ಬಣ್ಣದ ಡಬ್ಬಿ, ಬ್ರಷ್, ನೀರಿನ ಲೋಟ ಬಂದವು. ಇನ್ನು ನುಣುಚಿಕೊಳ್ಳಲು ದಾರಿಯಿರಲಿಲ್ಲ. ಭಾವ ಬ್ರಷ್ಷನ್ನು ಸೌಟಿನಂತೆ ಮುಷ್ಟಿ ಬಿಗಿದು ಹಿಡಿದ. ಸೀದಾ ಡಬ್ಬಿಗೆ ಅದ್ದಿದ, ಕೂದಲೆಲ್ಲ ಮುಳುಗಿ ತಗಡಿನ ಪಟ್ಟಿಯವರೆಗೆ. ಅಲ್ಲಿದ್ದವರಲ್ಲಿ ಅರ್ಧ ಜನ ಅಷ್ಟಕ್ಕೇ ಮುಖ ಸಿಂಡರಿಸಿದರು. ಬ್ರಷ್ ಕೊಳ್ಳುವ ದಿನವೇ ಹೇಳಿಕೊಡುವ ಪಾಠ ಅದು: ಬಣ್ಣ ತುದಿಗಷ್ಟೇ, ತಗಡಿಗೆ ತಾಗಿದರೆ ಬ್ರಷ್ ಸತ್ತಂತೆ. ಒಂದು ದಪ್ಪ ಹನಿ ಕೊಕ್ಕರೆಯ ಕಣ್ಣಿನ ಮೇಲೆ ಬಿದ್ದು, ಕೊಕ್ಕಿನ ಗುಂಟ ಇಳಿದು, ಎದೆಗೆ ತೊಟ್ಟಿಕ್ಕಿತು.

"ಕೈ ನಡುಗ್ತಿದೆ ಸಾರ್… ಕೋಪಕ್ಕೆ," ಅಂದ ಭಾವ.

ಯಾರೂ ನಗಲಿಲ್ಲ. ನಗಬೇಕಾದ ಡ್ರೈವರ್ ಕೂಡ ಟೇಪನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡುತ್ತಿದ್ದ.

ಆಗ ಅವಳು ಮುಂದೆ ಬಂದಳು. ಪೆಟ್ಟಿಗೆಯಿಂದ ಇನ್ನೊಂದು ಕೊಕ್ಕರೆ ಎತ್ತಿಕೊಂಡಳು. ಬೇರೊಂದು ಬ್ರಷ್ ಆರಿಸಿ, ನೀರಿಗೆ ತಾಗಿಸಿ, ಬಣ್ಣದ ಅಂಚಿಗೆ ತುದಿ ಮುಟ್ಟಿಸಿ, ಹೆಬ್ಬೆರಳ ಉಗುರಿನ ಮೇಲೆ ಒಮ್ಮೆ ಎಳೆದಳು. ಮೊಣಕೈಯನ್ನು ಮೇಜಿಗೆ ಊರಿ ಉಸಿರು ಬಿಗಿಹಿಡಿದಳು. ಒಂದು ಹಳದಿ ಉಂಗುರ, ನಡುವೆ ಕರಿ ಚುಕ್ಕೆ, ಅದರಂಚಿಗೆ ಇದೆಯೋ ಇಲ್ಲವೋ ಎಂಬಷ್ಟು ಬಿಳಿ. ಬೂದಿ ಪ್ಲಾಸ್ಟಿಕ್ಕಿನಿಂದ ಕೊಕ್ಕರೆ ಕಣ್ಣು ತೆರೆದು ನೇರ ಭಾವನನ್ನೇ ನೋಡಿತು.

ಸುತ್ತಲಿನವರು ಬಗ್ಗಿದರು. ಯಜಮಾನರ ಕನ್ನಡಕ ಅವಳ ಕೈಗೆ ತಾಗುವಷ್ಟು ಹತ್ತಿರ ಬಂತು.

ಎಲ್ಲರೂ ನೋಡಿಯಾಯಿತೆಂದು ಗೊತ್ತಾದ ಮೇಲೆ ಅವಳು ಹೆಬ್ಬೆರಳನ್ನು ಆ ಕಣ್ಣಿನ ಮೇಲಿಟ್ಟು ಒರೆಸಿದಳು. ಮೊದಲ ಕೋಟಿಲ್ಲದ ಪ್ಲಾಸ್ಟಿಕ್ಕಿಗೆ ಬಣ್ಣ ಕಚ್ಚುವುದಿಲ್ಲ. ಕಣ್ಣೆಲ್ಲ ಅವಳ ಬೆರಳಿಗೆ ಬಂತು. ಕುರುಡು ಕೊಕ್ಕರೆಯನ್ನು ಭಾವನ ಅಂಗೈಯಲ್ಲಿಟ್ಟಳು.

"ಇದು ನಿಮ್ಮದು ಭಾವ," ಎಂದಳು. ಆ ದನಿ ಮೆಟ್ಟಿಲ ತನಕ ಕೇಳಿಸಿತು. "ಬಣ್ಣ ನಂದು. ನಾನು ತಗೊಂಡೆ."

ಭಾವ ಕೊಕ್ಕರೆಯನ್ನು ಪೆಟ್ಟಿಗೆಗೆ ಎಸೆದ. ಪೆಟ್ಟಿಗೆ ಮುಚ್ಚಿ, ಮೆಟ್ಟಿಲು ದಡದಡ ಇಳಿದು ಹೋದ.

ಅವಳೂ ಹೊರಟಾಗ ಯಜಮಾನರು ತಡೆದರು. ಅವರ ಮುಖದಲ್ಲಿ ಸಿಟ್ಟಿತ್ತು. "ಅಂಥಾ ಕೆಲಸಾನ ತೊಳೆದು ಹಾಕೋಕೆ ಮನಸ್ಸಾದ್ರೂ ಹೇಗೆ ಬಂತಮ್ಮಾ? ಆ ಆಮೆ… ನನಗೆ ಹೊಟ್ಟೆ ಉರೀತಿದೆ."

"ನನಗೂ ಉರೀತು ಸಾರ್."

ಅವರು ಕಪಾಟಿನಿಂದ ಒಂದೇ ಸೈನಿಕನಿದ್ದ ಸಣ್ಣ ಪೊಟ್ಟಣ ತೆಗೆದು ಅವಳ ಕೈಗಿಟ್ಟರು. "ಬರೋ ವಾರ ತಂದು ತೋರಿಸು. ಪ್ಲಾಸ್ಟಿಕ್ಕೂ ನಿಂದೇ, ಬಣ್ಣಾನೂ ನಿಂದೇ. ತರಗತಿ ಮಾತು ಆಮೇಲೆ ನೋಡೋಣ."

ಮರುದಿನ ಬೆಳಿಗ್ಗೆ ಭಾವ ಟವೆಲ್ ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಹೊಸ ಬ್ರಷ್ಷಿನ ಮೊದಲ ದಿನ, ಬಾಯಿತುಂಬ ನೊರೆ. ಇದ್ದಕ್ಕಿದ್ದಂತೆ ಕೈ ನಿಂತಿತು. ಬ್ರಷ್ಷನ್ನು ಬೆಳಕಿಗೆ ಹಿಡಿದ. ಎಳೆಗಳ ಬುಡದಲ್ಲಿ ತೆಳ್ಳಗೆ ನೀಲಿ.

"ಇದು… ಈ ಪೇಸ್ಟು ಯಾಕೆ ಹೀಗೆ ವಾಸ್ನೆ ಹೊಡೀತಿದೆ?"

ಅಕ್ಕ ಒಲೆಯ ಕಡೆ ತಿರುಗಿ, ಕುದಿಯದ ಚಹಾವನ್ನು ಸೌಟಿನಲ್ಲಿ ಜೋರಾಗಿ ಕಲಕತೊಡಗಿದಳು. ಕಿಟಕಿಯ ಬಳಿ ಕೂತಿದ್ದ ಅವಳು ಹೊಸ ಸೈನಿಕನ ತೋಳಿನ ಅಚ್ಚಿನ ಗೆರೆ ಕೆರೆಯುತ್ತಾ ತಲೆ ಎತ್ತದೆ ಹೇಳಿದಳು:

"ತೊಳೆದೇ ಇಟ್ಟಿದ್ದೆ ಭಾವ. ಬ್ರಷ್ ತೊಳೆಯೋಳು ನಾನೇ ಅಲ್ವಾ?"