ಅಖ್ತರಬಾನು ಅವರ ಮುನ್ನೂರು ಪೆಟ್ಟಿಗೆ

ಅಖ್ತರಬಾನು ತೊಡುವ ನೀಲಿ ಕೋಟಿಗೆ ಎರಡು ಜೇಬುಗಳಿವೆ. ಎರಡರ ಬಾಯನ್ನೂ ಅವರೇ ದಪ್ಪ ದಾರದಲ್ಲಿ ಹೊಲಿದು ಮುಚ್ಚಿಕೊಂಡಿದ್ದಾರೆ. ಕಡಲ ದಂಡೆಯ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅತಿಥಿಗಳ ಬಟ್ಟೆ ವಿಂಗಡಿಸುತ್ತ ಬಂದಿರುವ ಈ ಹೆಂಗಸಿಗೆ ಪರರ ಕಿಸೆಗಳಲ್ಲಿ ಉಂಗುರ, ವಾಚು, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು ಕೂಡ ಸಿಕ್ಕಿವೆ; ಜೇಬೇ ಇಲ್ಲದವಳ ಮೇಲೆ ಯಾರು ಅನುಮಾನಪಟ್ಟಾರು ಎಂಬುದು ಅವರ ಧೈರ್ಯ. ನಡೆಯುವಾಗ ಎಡಗೈಯನ್ನು ಮಡಿಸಿ ಎದೆಗೆ ಹಿಡಿದಿರುತ್ತಾರೆ, ಚಾದರಗಳ ಅಟ್ಟಿಯೊಂದು ಅಲ್ಲಿದೆಯೋ ಎನ್ನುವಂತೆ. ಗೋವೆಯಲ್ಲಿ ನಾವಿರುವ ಪರ್ವರಿಯ ಏರನ್ನು ಬರಿಗೈಯಲ್ಲಿ ಹತ್ತಿ ಬರುವಾಗಲೂ ಅದೇ ಭಂಗಿ. ಎದುರಿಗೆ ಏನನ್ನಿಟ್ಟರೂ, ಚಹಾದ ಕಪ್ಪನ್ನಿಟ್ಟರೂ ಸಹ, ಮೊದಲು ಕೇಳುವುದು ಒಂದೇ ಮಾತು: "ಯಾರದಿದು?"

ಈ ಹೆಂಗಸನ್ನು ಕಂಡು ಹೊಟ್ಟೆ ಉರಿದುಕೊಂಡವನು ನಾನು. ಅದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ.

ವಿಜಯಪುರ, ಬಾಗಲಕೋಟೆ ಕಡೆಯಿಂದ ಗೋವೆಗೆ ಗಾರೆಕೆಲಸಕ್ಕೆ, ಮನೆಗೆಲಸಕ್ಕೆ ಬಂದ ನಮ್ಮ ಜನರ ಬಳಗಕ್ಕೆ ನಾನು ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದೆ. ಮೊದಲು ಶಾಲಾಮಾಸ್ತರನಾಗಿದ್ದವನಾದ್ದರಿಂದ ಎಲ್ಲರಿಗೂ ಮಾಸ್ತರನೇ. ಕಾರ್ಮಿಕ ಕಾರ್ಡು, ಮಕ್ಕಳ ಪ್ರವೇಶ, ಆಸ್ಪತ್ರೆಯ ತಾರೀಖು, ಯಾವ ಅರ್ಜಿಯಲ್ಲಿ ಇಮೇಲ್ ವಿಳಾಸ ಕೇಳಿದರೂ ನಮ್ಮವರು ಬರೆಯುತ್ತಿದ್ದುದು ಬಳಗದ ವಿಳಾಸವೊಂದನ್ನೇ. ಹೀಗೆ ಮುನ್ನೂರು ಜನರ ಪತ್ರಗಳು ಒಂದೇ ಡಬ್ಬಿಗೆ ಬಂದು ಬೀಳುತ್ತಿದ್ದವು. ಅದನ್ನು ತೆರೆದು ಓದುವ ಅಧಿಕಾರ ನನ್ನೊಬ್ಬನದು. ಕೆಟ್ಟ ಸುದ್ದಿಯನ್ನು ಮನೆಗೆ ಹೋಗಿ ಮೆಲ್ಲಗೆ ಹೇಳುತ್ತಿದ್ದೆ. ಒಳ್ಳೆಯ ಸುದ್ದಿಯನ್ನು ಮಾತ್ರ ರವಿವಾರದ ಸಭೆಗೆಂದು ಎತ್ತಿಡುತ್ತಿದ್ದೆ. ಹೆಸರು ಹಿಡಿದು ಕರೆದು, ಎಲ್ಲರೆದುರು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು ಓದಿದರೆ ಚಪ್ಪಾಳೆ, ಫೇಡೆ, ತಾಯಂದಿರ ಕಣ್ಣಲ್ಲಿ ನೀರು. "ಮಾಸ್ತರ್ರ ಬಾಯಾಗಿಂದ ಕೇಳಿದ್ರನ ಖರೇ ಅನಸ್ತೈತ್ರಿ" ಎಂದು ಗೌಂಡಿ ಭರಮಪ್ಪ ಒಮ್ಮೆ ಹೇಳಿದ್ದ. ಆ ಮಾತಿನ ಮೇಲೆ ನಾನು ವರ್ಷಗಟ್ಟಲೆ ಬದುಕಿದೆ.

ಆ ಭರಮಪ್ಪನ ಮಗಳೇ ಶ್ವೇತಾ. ಹೋದ ವರ್ಷ ನರ್ಸಿಂಗ್ ಶಾಲೆಯೊಂದು ಅವಳಿಗೆ ಸೀಟು ಕೊಟ್ಟು, ಮೂರು ದಿನದೊಳಗೆ ಒಪ್ಪಿಗೆ ತಿಳಿಸಬೇಕೆಂದು ಬರೆಯಿತು. ಪತ್ರ ಬಂದದ್ದು ಬುಧವಾರ. ಮೊದಲ ಸಾಲು ಓದಿಯೇ ಹಿಗ್ಗಿಹೋಗಿ ಅದನ್ನು ಸಭೆಗೆ ಎತ್ತಿಟ್ಟೆ. ಕೊನೆಯ ಸಾಲನ್ನು ಓದಿದ್ದು ರವಿವಾರ, ಎಲ್ಲರೆದುರು, ಗಟ್ಟಿಯಾಗಿ. ಅಷ್ಟರಲ್ಲಿ ಸೀಟು ಬೇರೆಯವರ ಪಾಲಾಗಿತ್ತು. "ಪತ್ರ ಇವತ್ತ ಬಂದೈತಿ. ಸಾಲಿಯವ್ರು ತಡಾ ಮಾಡ್ಯಾರ" ಎಂದುಬಿಟ್ಟೆ. ಮಾಸ್ತರನ ಮಾತಿಗೆ ಯಾರೂ ಎದುರಾಡಲಿಲ್ಲ. ಶ್ವೇತಾ ಮರುವಾರದಿಂದ ಯಾರದೋ ಬಂಗಲೆಯಲ್ಲಿ ಪಾತ್ರೆ ತಿಕ್ಕಲು ಹೋದಳು.

ಇನ್ನೊಮ್ಮೆ ಹೀಗಾಗಬಾರದೆಂದು ಬಳಗದವರೇ ಆದ ಅಖ್ತರಬಾನು ಮುಂದೆ ಬಂದರು. ಹೋಟೆಲಿನ ಕಂಪ್ಯೂಟರ್ ಕೋಣೆಯವರ ಬೆನ್ನುಬಿದ್ದು ಕಲಿತಿದ್ದರಂತೆ: ಬಳಗಕ್ಕೊಂದು ಸ್ವಂತ ಮೇಲ್ ಸರ್ವರ್, ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ, ಹಳೆಯ ವಿಳಾಸಕ್ಕೆ ಬರುವ ಪತ್ರದಲ್ಲಿ ಯಾರ ಅರ್ಜಿಯ ನಂಬರಿದೆಯೋ ಸರ್ವರ್ ತಾನೇ ಹುಡುಕಿ ಅವರ ಪೆಟ್ಟಿಗೆಗೆ ಹಾಕಬೇಕು, ಅದು ಅವರವರ ಮೊಬೈಲಿನಲ್ಲಿ ತೆರೆಯಬೇಕು. ನನಗೆ ನಗು ಬಂತು. ಅವರು ಎರಡು ತಿಂಗಳು ತಮ್ಮ ವಾರದ ರಜೆಗಳಲ್ಲೆಲ್ಲ ನಮ್ಮವರ ಕೋಣೆಯಿಂದ ಕೋಣೆಗೆ ಅಲೆದು, ಟ್ರಂಕಿನ ತಳದಿಂದ, ದೇವರ ಪಟದ ಹಿಂದಿನಿಂದ ರಸೀತಿಗಳನ್ನು ತೆಗೆಸಿ ನಂಬರು ಬರೆದುಕೊಂಡರು. ಎಲ್ಲರೂ ನನಗೆ ಗೊತ್ತು ಎಂಬ ಜಂಬದಲ್ಲಿ ನಾನು ಒಬ್ಬರ ರಸೀತಿಯನ್ನೂ ಕೇಳಿದವನಲ್ಲ.

ನಂಬರೇ ಇಲ್ಲದ ಪತ್ರ ಬಂದರೇನು ಗತಿ ಎಂದು ನಾನು ಕೊಂಕು ತೆಗೆದೆ. "ಗುರುತಿಲ್ಲದ ಅಂಗೀನ ಅಂದಾಜಿನ ಮ್ಯಾಲ ಯಾರಿಗೂ ಕೊಡಬಾರದ್ರಿ. ಎಲ್ಲಾರಿಗೂ ಕಾಣೂಹಂಗ ಹಗ್ಗಕ್ಕ ಹಾಕಬೇಕು" ಎಂದರು. ಅಂಥ ಪತ್ರಗಳಿಗೆ ಬೇರೆಯೇ ಪೆಟ್ಟಿಗೆ. ಎಲ್ಲಿಂದ ಬಂತು, ಯಾವತ್ತು ಬಂತು ಎಂಬುದನ್ನಷ್ಟೇ ದಿನಾ ಬಳಗದ ಕೋಣೆಯ ಗೋಡೆಗೆ ಅಂಟಿಸುವುದು. ಒಂದನ್ನೂ ಅವರು ಬಿಚ್ಚಿ ಓದುವುದಿಲ್ಲ. ಓದುವ ಆಸೆಯಾಗುವುದಿಲ್ಲವೇ ಎಂದು ಕೇಳಿದೆ. "ಅಂಗಿ ಒಗಿಯಾವ್ರು ಅಂಗಿ ತೊಡಬಾರದ್ರಿ, ಮಾಸ್ತರ್ರ."

ಸರ್ವರ್ ಕೆಟ್ಟು ಕೂರಲಿ ಎಂದು ನಾನು ಹರಕೆಯೊಂದನ್ನು ಹೊರಲಿಲ್ಲ, ಅಷ್ಟೇ. ಒಂದು ಮಧ್ಯಾಹ್ನ ಇಬ್ಬರ ನಂಬರನ್ನು ಒಂದೇ ಪತ್ರದಲ್ಲಿ ಬರೆದು ಗುಟ್ಟಾಗಿ ಕಳಿಸಿಯೂ ನೋಡಿದೆ. ಅದರ ಒಂದೊಂದು ಪ್ರತಿ ಇಬ್ಬರಿಗೂ ಸುಖವಾಗಿ ಮುಟ್ಟಿತು. ಒಂದು ಕಾಗದದ ಸುದ್ದಿಗೆ ನನ್ನ ಕಟ್ಟೆಯ ಮೇಲೆ ತಾಸುಗಟ್ಟಲೆ ಕಾಯುತ್ತಿದ್ದ ಸುಂದರವ್ವ ಈಗ ಬಸ್‌ಸ್ಟ್ಯಾಂಡಿನಲ್ಲೇ ಮೊಮ್ಮಗಳಿಂದ ಮೊಬೈಲು ಓದಿಸಿಕೊಂಡು, ನನ್ನನ್ನು ಕಂಡರೆ "ಆರಾಮ್ರಿ?" ಎಂದು ಮುಂದೆ ಸಾಗುತ್ತಾಳೆ. ರವಿವಾರದ ಸಭೆಗೆ ಹತ್ತು ಜನ ಸೇರಿದರೆ ಹೆಚ್ಚು. ನನ್ನ ಜಾಗವನ್ನು ಅವರು ಕಸಿದುಕೊಂಡಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು. ಅವರು ಆ ಜಾಗವನ್ನೇ ಇಲ್ಲವಾಗಿಸಿ ಎದ್ದುಹೋಗಿದ್ದರು.

ಆಮೇಲೆ ಒಂದು ದಿನ, ಹನ್ನೊಂದು ವರ್ಷದ ಹಳೆಯ ಪತ್ರಗಳನ್ನೂ ಅವರವರ ಪೆಟ್ಟಿಗೆಗೆ ಸೇರಿಸುತ್ತಾರಂತೆ ಎಂಬ ಸುದ್ದಿ ಬಂತು. ಪ್ರತಿ ಪತ್ರದ ತಲೆಯ ಮೇಲೂ ಬಂದ ದಿನ ಇರುತ್ತದೆ. ಚಪ್ಪಲಿ ಮೆಟ್ಟಿಕೊಂಡು ಬಳಗದ ಕೋಣೆಗೆ ಓಡಿದೆ.

"ಒಂದು ಹಳೀ ಪತ್ರ ಐತಿ, ಬಾನು. ಅದೊಂದು ಬಿಟ್ಟುಬಿಡ್ರಿ."

"ಯಾರದದು?"

"ಶ್ವೇತಾಂದು."

"ಹಂಗಾದ್ರ ಅಕಿಗೇ ಹೋಗ್ತೈತ್ರಿ."

ಏಕೆ ಎಂದು ಕೇಳಲಿಲ್ಲ. ಅವರ ಮುಖದಲ್ಲಿ ತಿರಸ್ಕಾರದ ಒಂದು ಎಳೆಯನ್ನಾದರೂ ಹುಡುಕಿದೆ. ಸಿಕ್ಕಿದ್ದರೆ ಅವರನ್ನು ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಅವರು ತೋರುಬೆರಳಿಂದ ಒಂದು ಕೀಲಿ ಒತ್ತಿ, ಪರದೆ ನೋಡುತ್ತ ಕೂತರು. ಅಷ್ಟೇ.

ಮರುದಿನ ಸಂಜೆ ಶ್ವೇತಾ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ.

"ಮಾಸ್ತರ್ರ, ಬುಧವಾರನ ಬಂದಿತ್ತಲ್ರಿ?"

"ಹೌದವ್ವ."

"ಅಪ್ಪಗ ನಾ ಹೇಳೂದಿಲ್ಲ. ನೀವ ಹೇಳ್ರಿ." ಮೆಟ್ಟಿಲಿಳಿದವಳು ತಿರುಗಿ ನಿಂತು, "ಈ ವರ್ಷದ ಅರ್ಜಿ ನಾನ ತುಂಬೇನಿ. ಉತ್ತರ ನನಗ ಬರ್ತೈತಿ" ಎಂದಳು.

ಭರಮಪ್ಪನಿಗೆ ಹೇಳಿದೆ. ಅವನು ಗಾರೆ ಮೆತ್ತಿದ ಕರಣಿ ತೊಳೆಯುತ್ತಿದ್ದವನು ತೊಳೆಯುತ್ತಲೇ ಇದ್ದ. ಕೊನೆಗೆ, "ಹೋಗ್ಬರ್ರಿ" ಎಂದ. ಶ್ವೇತಾಳಿಗೆ ಈ ಸಲ ಸೀಟು ಸಿಕ್ಕಿತಂತೆ. ನನಗೆ ಗೊತ್ತಾದದ್ದು ಆರು ದಿನದ ಮೇಲೆ, ಕಿರಾಣಿ ಅಂಗಡಿಯಲ್ಲಿ, ಯಾರೋ ಯಾರಿಗೋ ಹೇಳುವಾಗ.

ಪರರ ವಸ್ತು ತಮ್ಮ ಕೈಯನ್ನು ದಾಟಿಹೋಗುವಾಗ ಅದರ ಒಂದು ಕಣವನ್ನೂ ಬಯಸದೆ, ಅದಕ್ಕೆ ತಮ್ಮ ಹೆಸರನ್ನೂ ಅಂಟಿಸದೆ ಒಡೆಯರಿಗೆ ಮುಟ್ಟಿಸುವ ಜನ ಲೋಕದಲ್ಲಿ ವಿರಳ. ಅವರನ್ನು ನೋಡಿ ನಮ್ಮಂಥವರು ತಿದ್ದಿಕೊಳ್ಳುತ್ತೇವೆ ಎನ್ನುವುದು ವಾಡಿಕೆಯ ಮಾತು. ನನಗಂತೂ ಇನ್ನೂ ಹೊಟ್ಟೆ ಉರಿಯುತ್ತದೆ. ಅಂಥವರ ಋಣ ಯಾರ ಮೇಲೂ ಉಳಿಯುವುದಿಲ್ಲ, ಹಾಗಾಗಿ ಜನ ಅವರೆದುರು ತಲೆ ಎತ್ತಿ ನಿಲ್ಲುತ್ತಾರೆ. ನನ್ನೆದುರು ಹನ್ನೊಂದು ವರ್ಷ ತಲೆ ತಗ್ಗಿಸಿ ನಿಂತಿದ್ದರು. ನಾನು ಅದನ್ನು ಪ್ರೀತಿಯೆಂದು ತಿಳಿದಿದ್ದೆ.